ತೆಂಗಿನೆಣ್ಣೆ ಹಚ್ಚಿಸಿಕೊಂಡ ಶಾಮಿ ಆಡು

ಕೊಲ್ಲಿ ನಾಡಿನ ಸುಲೈಬಿಯಾದ ಮೇವಿನ ಗೋದಾಮಿನ ಹಿಂದೆ ಬೆಳಕು ಹರಿಯುತ್ತಿದೆ. ಫೆಬ್ರವರಿಯ ಚಳಿಗಾಳಿಯಲ್ಲಿ ಕಮಲಾಕ್ಷ ಮೊಣಕಾಲೂರಿ ಕುಳಿತು ಆಡೊಂದರ ಬೆನ್ನನ್ನು ಟವೆಲಿನಿಂದ ಉಜ್ಜುತ್ತಿದ್ದಾರೆ. ಟವೆಲು ಕೊಳೆಯಾಗುತ್ತದೆ, ಆಡು ಚೊಕ್ಕಟವಾಗುವುದಿಲ್ಲ. ಕೆಂಗಂದು ರೋಮದ ತುಂಬ ಮರಳು ಮೆತ್ತಿಕೊಂಡಿದೆ.

"ಎಂತ ಮಾಡಿದ್ರಿ ಮಾರಾಯ್ರೆ?" ಹೆಂಡತಿ ಚಂಪಾ ಕೇಳುತ್ತಾರೆ.

"ಸ್ವಲ್ಪ ತೆಂಗಿನೆಣ್ಣೆ. ಮಿಂಚಲಿ ಅಂತ."

"ಆಡಿಗೆ ಎಣ್ಣೆಯಾ? ಅದನ್ನು ಮದುವೆಗೆ ಕರ್ಕೊಂಡು ಹೋಗ್ಲಿಕ್ಕುಂಟಾ?"

ಮಗಳನ್ನು ಶಾಲೆಯ ಸಮಾರಂಭಕ್ಕೆ ಹೊರಡಿಸುವಾಗಲೆಲ್ಲ ತಲೆಗೆ ಎಣ್ಣೆ ಹಾಕುವ ಕಮಲಾಕ್ಷರ ಕೈ, ನಿನ್ನೆ ಸಂಜೆ ಆಡಿಗೂ ಹಾಕಿತು. ಉಳಿದದ್ದನ್ನು ಧೂಳುಗಾಳಿ ಮಾಡಿತು. ಇಂದು ಮಕ್ಕಳು ಸಾಕಿದ ಆಡು, ಕುರಿಗಳ ಪ್ರದರ್ಶನ. ತೀರ್ಪುಗಾರರು ಮೊದಲು ಬಿಳಿ ಬಟ್ಟೆಯಿಂದ ಮೈ ಒರೆಸುತ್ತಾರೆ. ಎಣ್ಣೆಯೋ ಬಣ್ಣವೋ ಅಂಟಿದರೆ ಅಂಗಳಕ್ಕೆ ಪ್ರವೇಶವಿಲ್ಲ.

ಪುತ್ತೂರಿನ ಕಡೆಯ ಕಮಲಾಕ್ಷ ಈ ಗೋದಾಮಿನ ಸ್ಟೋರ್‌ಕೀಪರ್. ಹಿಂದಿನ ಕೊಟ್ಟಿಗೆಯಲ್ಲಿರುವ ಉದ್ದ ಕಿವಿಯ ಶಾಮಿ ತಳಿಯ ಆಡುಗಳು ಅವರಿಗೆ ವೀಸಾ ಕೊಟ್ಟ ಧಣಿ, ಕಫೀಲ್‌ರವು. ತಾಯಿ ಸತ್ತ ಮರಿಯೊಂದಕ್ಕೆ ಮಗಳು ನವ್ಯಶ್ರೀ ಬಾಟಲಿ ಹಾಲು ಕುಡಿಸಿ, ಬಿಸ್ಕಿಟ್ ಎಂದು ಹೆಸರಿಟ್ಟಳು. ಅದರ ಮುಂಗಾಲು ತುಸು ಓರೆ. ಕಫೀಲ್ ಮಾತು ನೇರ: ಬಹುಮಾನ ಬಂದರೆ ತಳಿಗೆ ಉಳಿಯುತ್ತದೆ, ಇಲ್ಲವಾದರೆ ಖಲಾಸ್, ಸಂತೆಗೆ.

ಅಂದಿನಿಂದ ಮೈದಾನ್ ಹವಲ್ಲಿಯ ಕಮಲಾಕ್ಷರ ಫ್ಲ್ಯಾಟಿನಲ್ಲಿ ಶುಕ್ರವಾರದ ರಜೆ ಎಂಬುದಿಲ್ಲ. ಶಾಲೆ ಬಿಟ್ಟೊಡನೆ ಹುಡುಗಿ ಗೋದಾಮಿನ ವ್ಯಾನು ಹತ್ತುತ್ತಾಳೆ. ಹೋಮ್‌ವರ್ಕ್ ಹಿಂಡಿ ಮೂಟೆಯ ಮೇಲೆ. ಬ್ಯೂಟಿ ಪಾರ್ಲರಿನಲ್ಲಿ ದುಡಿಯುವ ಚಂಪಾ ಊರಿಗೆ ಹೋಗುವುದನ್ನೇ ಮುಂದೂಡಿದ್ದಾರೆ.

ಈಗ ಅದೇ ಪಾರ್ಲರಿನ ಶಾಂಪೂ, ಡ್ರೈಯರ್ ಹೊರಬರುತ್ತವೆ. ನೀರು ಬೆಚ್ಚಗಿರಬೇಕು, ಮೈ ಬೇಗ ಒಣಗಬೇಕು. ಈ ಚಳಿಯಲ್ಲಿ ಒದ್ದೆಯಾಗಿ ನಿಂತ ಆಡಿಗೆ ಎದೆ ಕಟ್ಟುತ್ತದೆ. ಬಿಸ್ಕಿಟ್ ಆಗಲೇ ನಡುಗುತ್ತಿದೆ. ಕಮಲಾಕ್ಷ ಕೈ ಚಾಚಿದರೆ, ತೊಳೆಯುತ್ತಿರುವ ನವ್ಯಶ್ರೀ ಸಿಡುಕುತ್ತಾಳೆ: "ಪಪ್ಪಾ, ಪ್ಲೀಸ್, ಡೋಂಟ್ ಟಚ್ ಹರ್!" ಅವರು ಡ್ರೈಯರಿನ ವಯರು ಹಿಡಿದು ನಿಲ್ಲುತ್ತಾರೆ. ಹೊರಗೆ ವ್ಯಾನು ಹಾರ್ನ್ ಹೊಡೆಯುತ್ತದೆ.

ಪ್ರದರ್ಶನದ ಬಾಗಿಲಲ್ಲಿ ತೀರ್ಪುಗಾರರ ಬಟ್ಟೆ ಆಡಿನ ಕುತ್ತಿಗೆಯಿಂದ ಬೆನ್ನಿಗೆ, ಬೆನ್ನಿನಿಂದ ಹೊಟ್ಟೆಗೆ ಇಳಿಯುತ್ತದೆ. ಬೆಳ್ಳಗೇ ಇದೆ. ಬೇಲಿಯಾಚೆ ನಿಂತ ಕಮಲಾಕ್ಷರಿಗೆ ಆಗ ನೆನಪಾಗುತ್ತದೆ: ಎಣ್ಣೆ ಮೊದಲು ಹಚ್ಚಿದ್ದು ಕಿವಿಯ ಹಿಂದೆ. ಅಲ್ಲಿ ತೊಳೆದದ್ದನ್ನು ಅವರು ಕಂಡಿಲ್ಲ. ತೀರ್ಪುಗಾರರು ಕಿವಿ ಎತ್ತುತ್ತಾರೆ. ಕಮಲಾಕ್ಷ ಕಣ್ಣು ಮುಚ್ಚಿಕೊಳ್ಳುತ್ತಾರೆ.

"ಯಲ್ಲಾ!" ಎಂದು ತೀರ್ಪುಗಾರರು ಒಳಗೆ ಕಳಿಸುವ ದನಿ ಕೇಳುತ್ತದೆ. ಕಣ್ಣು ತೆರೆದರೆ ಬಿಸ್ಕಿಟ್ ಒಳಗೆ ನಡೆಯುತ್ತಿದೆ, ಓರೆಗಾಲನ್ನು ನೆಟ್ಟಗೆ ಊರುತ್ತ.

ಮೂರನೆಯ ಬಹುಮಾನ. ಕಫೀಲ್ ಆಡಿನ ಬೆನ್ನು ತಟ್ಟಿ, "ತಳಿಗೇ ಇರಲಿ ಬಿಡು" ಎಂದು ಕೈಸನ್ನೆ ಮಾಡಿ ಹೋಗುತ್ತಾರೆ. ಕಿವಿಯ ಹಿಂದೆ ತೊಳೆದದ್ದು ಯಾವಾಗ ಎಂದು ಕಮಲಾಕ್ಷ ಕೇಳಿದರೆ ನವ್ಯಶ್ರೀ ನಗುತ್ತಾಳೆ. "ಎರಡು ಸಲ ತೊಳೆದೆ. ನನಗೆ ಹಚ್ಚುವಾಗ್ಲೂ ಪಪ್ಪ ಅಲ್ಲಿಂದ್ಲೇ ಶುರು ಮಾಡೋದು. ಐ ನ್ಯೂ ಇಟ್."

ಬಹುಮಾನದ ಫಲಕದಲ್ಲಿರುವುದು ಕಫೀಲ್ ಹೆಸರು, ಹುಡುಗಿಯ ಹೆಸರು ಮಾತ್ರ. ಕಮಲಾಕ್ಷರಿಗೆ ಅದರ ಚಿಂತೆಯಿಲ್ಲ. ಬಕೆಟ್ಟು ತೊಳೆಯುತ್ತ ಹೇಳುತ್ತಾರೆ: "ಮುಂದಿನ ಸಲ ಒಮ್ಮೆ ಕುರ್ಚಿಯಲ್ಲಿ ಕೂತು, ಕಣ್ಣು ಬಿಟ್ಟು ನೋಡ್ಬೇಕು. ನನ್ನ ಕೈ ಮಾತ್ರ ಎಣ್ಣೆ ಬಾಟಲಿಗೆ ಹೋಗದ ಹಾಗೆ ಚಂಪಾ ಹಿಡ್ಕೊಂಡಿರ್ಲಿ."