ಹೂಂ ಅಂದವಳು

ಮೊನ್ನೆ ನಿಪ್ಪಾಣಿಯ ಹಳೆಯ ಓಣಿಯಲ್ಲಿ ನಡೆಯುವಾಗ ಯಾರದೋ ಮನೆಯೊಳಗಿಂದ ನೆನೆಸಿಟ್ಟ ಬೀಡಿ ಎಲೆಯ ವಾಸನೆ ಬಂತು. ಒದ್ದೆ ಗೋಣಿಚೀಲ, ಅದರ ಹಿಂದೆಯೇ ತಂಬಾಕಿನ ಘಾಟು... ವೈನಿ ನೆನಪಾದಳು.

ಅವಳು ನಮ್ಮ ಪಕ್ಕದ ಮನೆಯ ಸೊಸೆ. ಓಣಿಯವರಿಗೆಲ್ಲ ವೈನಿ, ಅಂದರೆ ಅತ್ತಿಗೆ. ಮಧ್ಯಾಹ್ನ ಅವರ ಪಡಸಾಲೆಯಲ್ಲಿ ನಾವೊಂದಿಷ್ಟು ಹೆಂಗಸರು ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದೆವು. ವೈನಿ ಕೈ ನಿಲ್ಲಿಸದೆ ಕಥೆ ಹೇಳುತ್ತಿದ್ದಳು. ಕಥೆ ಹೇಳುವವರ ಎದುರು ಒಬ್ಬರು ಹೂಂ ಅನ್ನುತ್ತಿರಬೇಕು. ಹೂಂ ನಿಂತರೆ ಕಥೆಯೂ ನಿಲ್ಲಬೇಕು. ವೈನಿಯ ಕಥೆಗೆ ಹೂಂ ಅನ್ನುತ್ತಿದ್ದವಳು ಎದುರು ಮನೆಯ ಹುಡುಗಿ. ಅವಳಿಗಿನ್ನೂ ಮದುವೆಯಾಗಿರಲಿಲ್ಲ. ಬೇರೆಯವರು ಹೂಂ ಅಂದರೆ ವೈನಿಗೆ ಮಾತೇ ಹೊರಡುತ್ತಿರಲಿಲ್ಲ.

"ಯಾಕ್ರಿ ವೈನಿ, ನಮ್ಮ ಹೂಂ ಸಪ್ಪಗ ಐತೇನ್ರಿ?" ಎಂದು ಕೆಣಕುತ್ತಿದ್ದೆವು.

"ಉಪ್ಪ ಹಾಕ್ಕೊಂಡ ಬರ್ರಿ, ನೋಡೂಣು."

ಅವಳ ಕಥೆಗಳಲ್ಲಿ ರಾಜನ ಮಗಳನ್ನು ಬಿಡಿಸಲು ರಾಜಕುಮಾರ ಬರುತ್ತಿರಲಿಲ್ಲ. ಕುಂಬಾರರ ಮಗಳು ಬರುತ್ತಿದ್ದಳು... ಹೊಳೆಯಲ್ಲಿ ಮೀನಾಗಿ, ಕೋಟೆಯ ಮೇಲೆ ಗಿಳಿಯಾಗಿ. ನಾವು ನಗುತ್ತಿದ್ದೆವು. ಕಥೆಯಲ್ಲಿ ಏನು ಬೇಕಾದರೂ ಆಗಬಹುದು ಎಂದುಕೊಂಡಿದ್ದೆವು.

ಓಣಿಯಲ್ಲಿ ಯಾರೋ ವೈನಿಯ ಅತ್ತೆಯ ಕಿವಿಗೆ ಇವರಿಬ್ಬರ ಬಗ್ಗೆ ಏನೋ ಹಾಕಿದ್ದರು. ಒಂದು ದಿನ ಅತ್ತೆ ಬಂದು ಹುಡುಗಿಯ ಮುಂದೆ ನಿಂತಳು.

"ಏಳ ಬೇ. ಇವತ್ತ ನಾ ಹೂಂ ಅಂತೇನಿ."

ಹುಡುಗಿ ಎದ್ದು ಬಾಗಿಲಿಗೆ ಒರಗಿ ನಿಂತಳು. ವೈನಿ ಬೇರೆ ಕಥೆ ಹೇಳಬಹುದಿತ್ತು. ಕುಂಬಾರರ ಮಗಳ ಕಥೆಯನ್ನೇ ತೆಗೆದಳು. ಅತ್ತೆ ಪ್ರತಿ ಮಾತಿಗೂ ಹೂಂ ಅಂದಳು.

"ರಾಜನ ಮಗಳು ಅಕೀ ಕೊರಳಿಗೇ ಮಾಲಿ ಹಾಕಿದಳು," ಎಂದಳು ವೈನಿ.

ಅತ್ತೆ ಹೂಂ ಅನ್ನಲಿಲ್ಲ.

ಎಲೆ ಕತ್ತರಿಸುವ ಸದ್ದೂ ನಿಂತಿತು. ವೈನಿ ತಲೆ ಎತ್ತದೆ ಕಾದಳು. ಅಲ್ಲಿಗೇ ಬಿಟ್ಟಿದ್ದರೆ ಅದು ಅರ್ಧಕ್ಕೆ ನಿಂತ ಒಂದು ಕಥೆಯಾಗಿ ಉಳಿಯುತ್ತಿತ್ತು... ಬಾಗಿಲಿಂದ ಹುಡುಗಿ "ಹೂಂ" ಅಂದಳು. ಎಲ್ಲರಿಗೂ ಕೇಳುವಂತೆ.

ಅತ್ತೆ ಅವಳತ್ತ ತಿರುಗಿದಳು. "ತಿಳೀತ ಬಿಡು."

ಆ ರಾತ್ರಿ ಗೋಡೆಯಾಚೆ ಕೇಳಿದ್ದನ್ನು ಬರೆಯಲಾರೆ. ಮರುದಿನ ಕಂಡದ್ದನ್ನು ಮಾತ್ರ ಹೇಳುತ್ತೇನೆ. ವೈನಿಯ ಬಲಗೈ ಬೆರಳುಗಳಿಗೆ ಬಟ್ಟೆ ಸುತ್ತಿತ್ತು. ಮೊರದ ಮುಂದೆ ಕುಳಿತಿದ್ದಳು, ಕಟ್ಟಲು ಆಗುತ್ತಿರಲಿಲ್ಲ. ಸ್ವಲ್ಪ ದಿನಗಳಲ್ಲೇ ಹುಡುಗಿಯನ್ನು ಉಗಾರ ಬುದ್ರುಕಕ್ಕೆ ಮದುವೆ ಮಾಡಿ ಕಳಿಸಿದರು. ವೈನಿ ಮತ್ತೆ ಕಥೆ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಹೋದ ವರ್ಷ ಅವಳು ತೀರಿಕೊಂಡಳು. ಜ್ವರ ಎಂದರು.

ಆ ವಾಸನೆ ಬಂದ ಮರುದಿನ ನಾನು ಉಗಾರದ ಬಸ್ಸು ಹತ್ತಿದೆ. ಆ ಹುಡುಗಿ ಈಗ ಅತ್ತೆಯಾಗಿದ್ದಾಳೆ. ಅಂಗಳದಲ್ಲಿ ಎಮ್ಮೆಗೆ ಕಬ್ಬಿನ ಸೋಗೆ ಹಾಕುತ್ತಿದ್ದಳು. ಅವಳಿಗೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ನಾನು ಹೇಳಿದೆ. ಕೈಯಲ್ಲಿದ್ದ ಸೋಗೆಯನ್ನು ಎಮ್ಮೆಯ ಮುಂದೆ ಹಾಕಿದಳು.

"ಯಾವ ಸೀರಿ ಉಡಿಸಿದ್ರು?"

ಅಂದು ನಾನು ಊರಲ್ಲಿರಲಿಲ್ಲ. ಮುತ್ತೈದೆಯಾಗಿ ಹೋದವಳು, ಹಸಿರು ಸೀರೆಯನ್ನೇ ಉಡಿಸಿರಬೇಕು ಎಂದು ಊಹಿಸಿ, "ಹಸರ" ಅಂದೆ.

"ಹಸರ ಅಕೀಗೆ ಸೇರ್ತಿದ್ದಿಲ್ಲ..."

ಒಳಗಿಂದ ಅವಳ ಸೊಸೆ ಕೂಗಿದಳು. "ಯಾರ ತೀರ್ಕೊಂಡ್ರು, ಅತ್ತಿ?"

"ಯಾರೋ. ನಿಪ್ಪಾಣ್ಯಾಗಿನ ಒಬ್ಬಾಕಿ," ಎಂದು ಅವಳು ಮತ್ತೊಂದು ಹಿಡಿ ಸೋಗೆ ಎತ್ತಿಕೊಂಡಳು.