ಗಿಡ್ಡಪ್ಪನ ಹೊಸ ಎತ್ತುಗಳು

ನಿಜಾಮರ ಕಾಲದಲ್ಲಿ ಕೊಪ್ಪಳದ ಪೇಟೆಗೆ ಬಾಡಿಗೆ ಬಂಡಿ ಹೊಡೆಯುತ್ತಿದ್ದ ಗಿಡ್ಡಪ್ಪನಿಗೆ ಅರವತ್ತು ದಾಟಿದರೂ ಸಿಂದಿಯ ಚಟ ಬಿಡಲಿಲ್ಲ. ಜೋಳದ ಚೀಲ ಇಳಿಸಿದವನೇ ಹೊಟ್ಟೆ ತುಂಬ ಕುಡಿದು, ಖಾಲಿ ಬಂಡಿಯಲ್ಲಿ ಅಡ್ಡಾಗಿ ಗೊರಕೆ ಹೊಡೆಯುತ್ತಿದ್ದ. ಎತ್ತುಗಳು ತಾವಾಗಿಯೇ ಯಲಬುರ್ಗಾ ದಾರಿ ಹಿಡಿದು, ಊರು ಸೇರಿ, ಅವನ ಮನೆಯ ಮುಂದೆ ನಿಲ್ಲುತ್ತಿದ್ದವು. ಹೆಂಡತಿ ಫಕೀರಮ್ಮ ಹೊರಗೆ ಬಂದು, ಗಂಡನನ್ನು ಬಾಯ್ತುಂಬ ಬೈದು, ಎತ್ತು ಬಿಚ್ಚುತ್ತಿದ್ದಳು.

ಅವಳು ತೀರಿದ ಮೇಲೆ ಬೈಯುವವರೂ ಇಲ್ಲ, ಬಿಚ್ಚುವವರೂ ಇಲ್ಲ. ಆದರೂ ಅವನಿಗೆ ಎಚ್ಚರವಾಗುವ ತನಕ ಎತ್ತುಗಳು ಅದೇ ಬಾಗಿಲ ಮುಂದೆ ನಿಂತೇ ಇರುತ್ತಿದ್ದವು.

ಅವಕ್ಕೂ ಮುಪ್ಪು ಬಂತು. ಗಿಡ್ಡಪ್ಪ ಅವನ್ನು ಮಾರಿ, ಕುಷ್ಟಗಿಯ ಒಬ್ಬ ರೈತನ ಮನೆಯಿಂದ ಬೇರೆ ಜೋಡಿ ತಂದ. ಎತ್ತು ಹೊಸವು, ಚಟ ಹಳೆಯದು. ಮೊದಲ ಬಾಡಿಗೆಯ ದಿನವೇ ಕುಡಿದು ಮಲಗಿಬಿಟ್ಟ. ದಾರಿ ಕವಲೊಡೆಯುವಲ್ಲಿ ಎತ್ತುಗಳು ಕುಷ್ಟಗಿಯ ಕಡೆಗೆ ಹೊರಳಿದವು. ಎದುರಿಗೆ ಮೋಟಾರು ಬಸ್ಸೊಂದು ಹಾರನ್ ಹೊಡೆಯುತ್ತ ಬಂತು. ಎತ್ತು ಬೆದರಿದವು, ಬಂಡಿ ಮಗುಚಿತು, ಅದರಡಿ ಸಿಕ್ಕ ಗಿಡ್ಡಪ್ಪನ ಕಾಲು ಮುರಿಯಿತು.

ಅಂಬಲಿ ತಂದುಕೊಟ್ಟ ನೆರೆಮನೆಯ ಹುಲಗೆಮ್ಮ ಸಿಡುಕಿದಳು. "ಈ ವಯಸ್ಸಿನ್ಯಾಗ ಅಷ್ಟ್ಯಾಕ ಕುಡೀತಿ ಕಾಕಾ? ದಾರಿ ತಪ್ಪೋ ಎತ್ತು ನಂಬಿ ಯಾರರ ಮಲಗ್ತಾರೇನು?"

ಗಿಡ್ಡಪ್ಪ ಗೋಡೆಯ ಕಡೆ ಮುಖ ತಿರುವಿದ.

"ಅವು ದಾರಿ ತಪ್ಪಿದ್ದಿಲ್ಲ ಬಿಡವ್ವಾ. ತಮ್ಮ ಮನಿಗಿ ಹೊಂಟಿದ್ವು. ಅಲ್ಲಿ ಅವುಗಳ ಹಾದಿ ನೋಡೋರು ಯಾರರ ಇರಬೇಕು."