ಹಳದಿ ಮುಖ ಕಂಡು ಬೆಚ್ಚಿದ ಡಾಕ್ಟರ್

ನನ್ನ ಮುಖ ನೋಡಿದ ಡಾಕ್ಟರ್ ಬಾಗಿಲಲ್ಲೇ ಬೆಚ್ಚಿದರು. ‘ಅಯ್ಯೋ, ಮತ್ತೆ ಹಳದಿ ಆಗಿದಾಳಲ್ಲ!’

ಕಾಮಾಲೆ ವಿಪರೀತವಾಗಿ ಯಾದಗಿರಿಯ ಆಸ್ಪತ್ರೆಯಲ್ಲಿ ಇಪ್ಪತ್ತು ದಿನದಿಂದ ಮಲಗಿದ್ದೆ. ಮನೆಗೋ, ದೂರದ ದೊಡ್ಡ ಆಸ್ಪತ್ರೆಗೋ ಎಂಬುದು ಅವತ್ತೇ ತೀರ್ಮಾನವಾಗಬೇಕಿತ್ತು. ಕುರಿಗಳನ್ನು ಅಪ್ಪನಿಗೆ ಒಪ್ಪಿಸಿ ನಮ್ಮೂರು ಗೋಗಿಯಿಂದ ಮೊದಲ ಬಸ್ಸಿಗೆ ಬಂದಿದ್ದ ಅವ್ವ, ನನ್ನ ಹಣೆ, ಕೆನ್ನೆಗೆಲ್ಲ ಬೀರಪ್ಪನ ಭಂಡಾರ ಬಳಿದಿದ್ದಳು.

‘ರೋಗ ಅಲ್ರಿ ಸಾಹೇಬ್ರ, ದೇವ್ರ ಅರಿಶಿಣ ಐತಿ!’ ಎಂದು ಸೆರಗಿನಿಂದ ಒರೆಸಿದಳು.

ಡಾಕ್ಟರ್ ನನ್ನ ಕಣ್ಣು ಬಿಡಿಸಿ ನೋಡಿದರು. ಬೆಳ್ಳಗಿದ್ದವು. ‘ರಕ್ತದ ರಿಪೋರ್ಟೂ ಚೆನ್ನಾಗಿದೆ. ಮನೆಗೆ ಕರ್ಕೊಂಡು ಹೋಗಮ್ಮ’ ಎಂದು ನಕ್ಕರು.

‘ಹಂಗಾರ ನೀವೂ ಒಂಚೂರು ಹಚ್ಚಿಕೊಳ್ರಿ’ ಎಂದು ಅವ್ವ ಭಂಡಾರದ ಚೀಲ ಬಿಚ್ಚಿಯೇಬಿಟ್ಟಳು. ಅವರೂ ಹಣೆಯೊಡ್ಡಿದರು!

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ; ಅದೇ ನನ್ನ ದೊಡ್ಡ ಆಸ್ತಿ ಅಂದುಕೊಂಡಿದ್ದೆ. ಈಗ ಗೋಡೆ ಮೇಲಿನ ಡಿಗ್ರಿ ಫೋಟೊದ ಪಕ್ಕದಲ್ಲೇ ಆ ಚೀಲವನ್ನೂ ತೂಗುಹಾಕಿದ್ದೇನೆ. ಬಂದವರಿಗೆ ಮೊದಲು ತೋರಿಸುವುದು ಚೀಲವನ್ನೇ.